ಹತೋಟಿ ಯಾರ ಕೈಯಲ್ಲಿ?

ರಾಯಚೂರಿನಲ್ಲಿ ಮನೆ ಕಟ್ಟುವವನಿಗೆ ಇಬ್ಬರು ನೆರೆಯವರು. ಪಕ್ಕದ ಮನೆಯವರು ಒಬ್ಬರು. ನೆಲದಡಿಯ ಬಂಡೆ ಇನ್ನೊಬ್ಬರು. ಮೊದಲನೆಯವರೊಡನೆ ಹೇಗೋ ಹೊಂದಿಕೊಂಡು ಹೋಗಬಹುದು. ಎರಡನೆಯವರು ಮಾತಿಗೆ ಬಗ್ಗುವವರಲ್ಲ. ಈ ಎರಡನೆಯವರನ್ನು ಒಡೆಯಹೊರಟಾಗ ಮೊದಲನೆಯವರಿಗೆ ನಾವು ಏನು ಸಲ್ಲಿಸಬೇಕು ಎಂಬುದೇ ನನ್ನ ಇಂದಿನ ವಿಚಾರ.

ಕಳೆದ ಬೇಸಗೆಯಲ್ಲಿ ನಮ್ಮ ಓಣಿಯಲ್ಲಿ ಒಬ್ಬರು ಪಾಯ ತೆಗೆಸಿದರು. ಮೂರೂವರೆ ಅಡಿ ಹೋಗುವಷ್ಟರಲ್ಲಿ ಬಂಡೆ ಸಿಕ್ಕಿತು. ಎರಡು ದಿನ ಸುತ್ತಿಗೆ ಬಡಿದರು, ಆಮೇಲೆ ಯಂತ್ರ ತಂದರು, ಯಂತ್ರವೂ ಸೋತಿತು. ಕೊನೆಗೆ ಮದ್ದು ಹಾರಿಸುವ ಪರವಾನಗಿಯುಳ್ಳ ಗುತ್ತಿಗೆದಾರನೊಬ್ಬ ಬಂದು, ಮನೆಮನೆಯ ಮುಂದೆ ನಿಂತು, "ಹೆದರಬ್ಯಾಡ್ರಿ, ಎಲ್ಲಾ ಕಂಟ್ರೋಲಿನ್ಯಾಗ ಇರ್ತದ" ಎಂದು ಧೈರ್ಯ ಹೇಳಿದ. ನಮ್ಮ ಎದುರು ಮನೆಯಲ್ಲಿ ಒಬ್ಬ ಮುದುಕಿಯಿದ್ದಾರೆ. ಓಣಿಗೆಲ್ಲ ಅವರು ಅವ್ವ. ಅವರದು ಮಣ್ಣಿನಲ್ಲಿ ಕಲ್ಲು ಕೂಡಿಸಿ ಕಟ್ಟಿದ ಗೋಡೆ, ಜಂತಿಯ ಮೇಲೆ ಮಣ್ಣಿನ ಮಾಳಿಗೆ. ಅವ್ವ ಕೇಳಿದರು: "ಕಂಟ್ರೋಲು ಅಂತೀಯಲ್ಲಪ್ಪಾ, ಅದು ಯಾರ ಕೈಯಾಗ ಅದ?"

"ನನ್ನ ಕೈಯಾಗೇ ಅದ ಯವ್ವಾ" ಎಂದು ಅವನು ನಕ್ಕ.

"ಹಾಂಗಾದ್ರ ಗ್ವಾಡಿ ಯಾರದು?" ಎಂದರು ಅವ್ವ.

ಅವನು ಉತ್ತರ ಹೇಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ನನಗೂ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಆ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ.

ಕಲ್ಲು ಒಡೆಯುವುದೇ ತಪ್ಪೆಂದು ಹೇಳುವ ಹಾಗಿಲ್ಲ. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ಸೀಮೆಯ ನೆಲದಡಿ ಇರುವುದು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗಟ್ಟಿ ಕಲ್ಲು. ದೇವದುರ್ಗದ ಕಡೆ ಹೋದರೂ ಅಷ್ಟೆ, ಮಾನ್ವಿಯ ಕಡೆ ಹೋದರೂ ಅಷ್ಟೆ; ಮೇಲೆ ಎರೆಮಣ್ಣೋ ಮಸಾರಿಯೋ, ಅದರ ಕೆಳಗೆ ಗರಸು, ಅದರ ಕೆಳಗೆ ಬಂಡೆ. ಬಾವಿ ತೋಡಿದವನಿಗೆ ನೀರು ಸಿಗಬೇಕಾದರೆ ಈ ಬಂಡೆ ದಾರಿ ಬಿಡಬೇಕು. ಕಾಲುವೆಗೂ ಅದೇ ಮಾತು, ರಸ್ತೆಗೂ ಅದೇ ಮಾತು. ನಮ್ಮ ಊರಿನ ಕೋಟೆಯನ್ನೇ ನೋಡಿರಿ. ಅದರ ಗೋಡೆಯಲ್ಲಿ 41 ಅಡಿಗೂ ಮಿಕ್ಕ ಉದ್ದದ ಒಂದೇ ಕಲ್ಲಿದೆ. ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಅದರ ಮೇಲೆ ಬರೆಸಿದ್ದಾರೆ, ಕಾಲ ಕ್ರಿ.ಶ. 1294, ಕಾಕತೀಯರ ಆಳಿಕೆ. ಅಂಥ ಕಲ್ಲನ್ನು ಬಂಡಿಯ ಮೇಲೇರಿಸಿ ಕೋಣಗಳ ಸಾಲು ಕಟ್ಟಿ ಎಳೆತಂದ ಚಿತ್ರವನ್ನೂ ಅಲ್ಲಿಯೇ ಕೊರೆದಿದ್ದಾರೆ. ಆ ಕಲ್ಲನ್ನು ಎಬ್ಬಿಸಿದವರ ಬಳಿ ಸಿಡಿಮದ್ದು ಇರಲಿಲ್ಲ. ಉಳಿ, ಸುತ್ತಿಗೆ, ಬೆಣೆ ಮತ್ತು ಸಹನೆ ಇದ್ದವು. ನಮ್ಮ ಬಳಿ ಮದ್ದು ಇದೆ, ಸಮಯ ಇಲ್ಲ. ಪ್ರಶ್ನೆ ಹುಟ್ಟುವುದೇ ಇಲ್ಲಿ.

ಮದ್ದಿನ ಹತೋಟಿಗೆ ಒಂದು ಇತಿಹಾಸವಿದೆ. 1864ರಲ್ಲಿ ಸ್ಟಾಕ್‌ಹೋಮಿನಲ್ಲಿ ನೈಟ್ರೋಗ್ಲಿಸರಿನ್ ಸಿಡಿದು ಆಲ್ಫ್ರೆಡ್ ನೊಬೆಲ್ಲನ ತಮ್ಮ ಎಮಿಲ್ ಮತ್ತು ಇನ್ನೂ ಕೆಲವರು ಸತ್ತರು. ಮೂರು ವರ್ಷಗಳ ತರುವಾಯ, 1867ರಲ್ಲಿ, ಆ ದ್ರವವನ್ನು ಒಂದು ಬಗೆಯ ಮಣ್ಣಿಗೆ ಹೀರಿಸಿ ನೊಬೆಲ್ ಡೈನಮೈಟ್ ಮಾಡಿದ. ಅದನ್ನು 'ಸುರಕ್ಷಿತ ಪುಡಿ' ಎಂಬ ಹೆಸರಿನಲ್ಲಿಯೂ ಮಾರಿದರು. ಯಾರಿಗೆ ಸುರಕ್ಷಿತ? ಅದನ್ನು ಕೈಯಲ್ಲಿ ಹಿಡಿಯುವವನಿಗೆ. ಅದೂ ಸಣ್ಣ ಮಾತಲ್ಲ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿಯೂ, ಮರುತಿಂಗಳು ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿಯೂ ಕಲ್ಲುಗಣಿಗೆಂದು ತಂದ ಸ್ಫೋಟಕಗಳು ಸಿಡಿದು ಸತ್ತವರನ್ನು ನೆನೆದರೆ, ಹಿಡಿದವನ ಕೈಗೆ ಕೂಡ ಹತೋಟಿ ಇನ್ನೂ ಪೂರ್ಣವಾಗಿ ದಕ್ಕಿಲ್ಲವೆಂದು ತಿಳಿಯುತ್ತದೆ. ಆದರೆ ಗೋಡೆಯಾಚೆಯವನ ಯೋಚನೆ ಆ ಹೆಸರಿನೊಳಗೆ ಇರಲಿಲ್ಲ. ಅದು ಬಹಳ ತಡವಾಗಿ ಬಂದಿತು.

ಇಂದಿನ ನಿಯಂತ್ರಿತ ಸ್ಫೋಟದ ಉಪಾಯ ಸರಳವಾದದ್ದು. ಒಂದು ದೊಡ್ಡ ತೂತಿನಲ್ಲಿ ರಾಶಿ ಮದ್ದು ತುಂಬುವ ಬದಲು ಹಲವು ಸಣ್ಣ ತೂತುಗಳನ್ನು ಕೊರೆದು ಒಂದೊಂದಕ್ಕೂ ಸ್ವಲ್ಪ ಸ್ವಲ್ಪ ಮದ್ದು ಇಡುತ್ತಾರೆ. ಎಲ್ಲವನ್ನೂ ಒಮ್ಮೆಗೇ ಸಿಡಿಸದೆ, ಒಂದರಿಂದ ಇನ್ನೊಂದಕ್ಕೆ 17 ಅಥವಾ 25 ಮಿಲಿಸೆಕೆಂಡು ಬಿಡುವು ಕೊಡುತ್ತಾರೆ. ಒಮ್ಮೆ ರೆಪ್ಪೆ ಬಡಿಯುವಷ್ಟರಲ್ಲಿ ಹತ್ತಾರು ತೂತುಗಳು ಒಂದರ ಹಿಂದೊಂದು ಹಾರಿರುತ್ತವೆ. ನಮ್ಮ ಕಿವಿಗೆ ಒಂದೇ ಸದ್ದು, ನೆಲಕ್ಕೆ ಮಾತ್ರ ಬೇರೆ ಬೇರೆ ಪೆಟ್ಟು. ನೆಲದ ನಡುಕವನ್ನು ನಿರ್ಣಯಿಸುವುದು ಮುಖ್ಯವಾಗಿ ಎರಡು ಸಂಗತಿಗಳು: ಒಂದೇ ಕ್ಷಣದಲ್ಲಿ ಸಿಡಿಯುವ ಮದ್ದು ಎಷ್ಟು, ಮನೆ ಎಷ್ಟು ದೂರ. ಇನ್ನು ಕಲ್ಲಿನ ಚೂರು ಹಾರದಂತೆ ತೂತಿನ ಬಾಯನ್ನು ಬಿಗಿಯಾಗಿ ಮುಚ್ಚಿ, ಮೇಲೆ ಕಬ್ಬಿಣದ ಜಾಲರಿ, ಹಳೆಯ ಟೈರಿನ ಚಾಪೆ, ಮರಳಿನ ಚೀಲ ಹೇರುತ್ತಾರೆ. ಇದು ಜಾಣತನ, ಇದನ್ನು ಕಂಡುಹಿಡಿದವರಿಗೆ ನಾವು ಋಣಿಗಳಾಗಿರಬೇಕು.

ಹಾಗಾದರೆ ಪಕ್ಕದ ಮನೆಯನ್ನು ಎಷ್ಟು ನಡುಗಿಸಬಹುದು? ಇದಕ್ಕೂ ಲೆಕ್ಕವಿದೆ. ಕೇಂದ್ರ ಸರ್ಕಾರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲಿ ಗಣಿಗಳಿಗಾಗಿ ಒಂದು ಸುತ್ತೋಲೆ ಹೊರಡಿಸಿತು. ಮದ್ದು ಹಾರಿಸಿದಾಗ ನೆಲದ ಕಣ ಎಷ್ಟು ವೇಗದಿಂದ ಅಲುಗಬಹುದು ಎಂಬುದರ ಪಟ್ಟಿ ಅದರಲ್ಲಿದೆ. ಬೇರೆಯವರ ವಾಸದ ಮನೆಯಾದರೆ, ಅಲುಗಾಟ ನಿಧಾನದ್ದಾದಾಗ ಸೆಕೆಂಡಿಗೆ 5 ಮಿಲಿಮೀಟರ್, ಚುರುಕಾದದ್ದಾದರೆ 10, ಇನ್ನೂ ಚುರುಕಾದರೆ 15. ನಿಧಾನದ ತೂಗಾಟ ಮನೆಗೆ ಹೆಚ್ಚು ಹಾನಿ ಮಾಡುವುದರಿಂದ ಅದಕ್ಕೆ ಮಿತಿ ಬಿಗಿ. ಇತಿಹಾಸದ ಮಹತ್ವವುಳ್ಳ ಕಟ್ಟಡವಾದರೆ ಕ್ರಮವಾಗಿ 2, 5, 10 ಮಾತ್ರ.

ಈ ಒಣ ಪಟ್ಟಿಯನ್ನು ಓದುವಾಗ ಒಂದು ಸಾಲಿನಲ್ಲಿ ನಾನು ನಿಂತುಬಿಟ್ಟೆ. ಗಣಿಯ ಒಡೆಯನ ಸ್ವಂತದ, ಕೆಲವೇ ಕಾಲ ಬಾಳಬೇಕಾದ ಮನೆಗಳಿಗೆ ಬೇರೆಯೇ ಅಂಕಿಗಳಿವೆ: 10, 15, 25. ಅಂದರೆ ನಿಧಾನದ ಅಲುಗಾಟದಲ್ಲಿ, ಒಬ್ಬನು ಅಂಥ ತನ್ನ ಮನೆಯನ್ನು ನೆರೆಯವನ ಮನೆಗಿಂತ ಎರಡರಷ್ಟು ನಡುಗಿಸಿಕೊಳ್ಳಬಹುದು! ತನ್ನದನ್ನು ತಾನು ಪಣಕ್ಕೆ ಒಡ್ಡುವುದು ಬೇರೆ, ಇನ್ನೊಬ್ಬನದನ್ನು ಒಡ್ಡುವುದು ಬೇರೆ ಎಂಬ ನೀತಿ, ಯಾವ ಧರ್ಮಗ್ರಂಥದ ಹೆಸರನ್ನೂ ಎತ್ತದೆ, ಒಂದು ಸರ್ಕಾರಿ ಸುತ್ತೋಲೆಯ ಅಂಕಿಗಳಲ್ಲಿ ಬಂದು ಕುಳಿತಿದೆ. ಅವ್ವ ಕೇಳಿದ್ದೂ ಇದನ್ನೇ ಅಲ್ಲವೆ? ಗೋಡೆ ಯಾರದೆಂದು ತಿಳಿಯದೆ ಮದ್ದಿನ ತೂಕ ನಿರ್ಣಯವಾಗಬಾರದು.

ಆದರೆ ಪಟ್ಟಿಯಲ್ಲಿ ಉತ್ತರ ಮುಗಿಯುವುದಿಲ್ಲ. ಮಣ್ಣಿನ ಕಚ್ಚಾ ಮನೆ, ಇಟ್ಟಿಗೆ ಸಿಮೆಂಟಿನ ಮನೆ, ಎರಡೂ ಅಲ್ಲಿ ಒಂದೇ ಸಾಲಿನಲ್ಲಿವೆ. ಕೋಟೆಗೆ 2, ಅವ್ವನ ಮನೆಗೆ 5. ಕೋಟೆ ಎಲ್ಲರದು, ಹೋದರೆ ಮತ್ತೆ ಬಾರದು. ಅದಕ್ಕೆ ಹೆಚ್ಚು ಕಾಳಜಿ ನ್ಯಾಯವೇ. ಕೃಷ್ಣರಾಜಸಾಗರದ ಸುತ್ತ 20 ಕಿಲೋಮೀಟರ್ ಆವರಣದಲ್ಲಿ ಗಣಿಗಾರಿಕೆ ಕೂಡದೆಂದು 2024ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು ತಡೆದಾಗ ನಾಡೆಲ್ಲ ಸಮಾಧಾನಪಟ್ಟಿತು. ಅಣೆಕಟ್ಟಿನ ಪರವಾಗಿ ನಿಲ್ಲಲು ಲಕ್ಷಾಂತರ ಜನರಿದ್ದಾರೆ. ಓಣಿಯ ಹಳೆಯ ಗೋಡೆಯ ಪರವಾಗಿ ನಿಲ್ಲಲು ಅದರ ನೆರಳಿನಲ್ಲಿ ಮಲಗುವವರು ಮಾತ್ರ ಇದ್ದಾರೆ. ಅವರಿಗೂ ಕೋಟೆ ಕಟ್ಟಿದವರಿಗೂ ಹೋಲಿಕೆ ಬೇಡ. ಹೋದರೆ ಮತ್ತೆ ಕಟ್ಟಲಾರೆವೆಂಬ ಸಂಗತಿ ಮಾತ್ರ ಇಬ್ಬರಿಗೂ ಒಂದೇ.

ಇನ್ನೊಂದು ತೊಡಕುಂಟು. ಬಿರುಕು ಬಿಟ್ಟಿತೆಂದು ಒಬ್ಬರು ದೂರುತ್ತಾರೆ. ಅದು ಮೊದಲೇ ಇತ್ತೆಂದು ಇನ್ನೊಬ್ಬರು ಹೇಳುತ್ತಾರೆ. ನಮ್ಮ ಸೀಮೆಯಲ್ಲಿ ಇಬ್ಬರೂ ಪ್ರಾಮಾಣಿಕರಾಗಿರಬಹುದು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಗೆಗೆ ಕುಗ್ಗುತ್ತದೆ. ಅದರ ಮೇಲಿನ ಗೋಡೆ ಯಾರೂ ಮದ್ದು ಹಾರಿಸದಿದ್ದರೂ ಬಿರಿಯುತ್ತದೆ. ಮತ್ತೆ, ಮನುಷ್ಯನ ಮೈ ಗೋಡೆಗಿಂತ ಬಹಳ ಸೂಕ್ಷ್ಮ. ಸೆಕೆಂಡಿಗೆ ಒಂದು ಮಿಲಿಮೀಟರಿಗೂ ಕಡಿಮೆಯ ನಡುಕ ನಮಗೆ ಗೊತ್ತಾಗುತ್ತದೆ. ಗೋಡೆಗೆ ಅದು ಲೆಕ್ಕಕ್ಕಿಲ್ಲ. ತಟ್ಟೆ ಲೋಟ ಗಲಗಲಿಸಿದೊಡನೆ ನಾವು ತಲೆಯೆತ್ತಿ ಗೋಡೆ ನೋಡುತ್ತೇವೆ. ವರ್ಷಗಳಿಂದ ಅಲ್ಲಿದ್ದ ಬಿರುಕು ಅಂದು ಮೊದಲ ಬಾರಿಗೆ ಕಣ್ಣಿಗೆ ಬೀಳುತ್ತದೆ. ಹೀಗೆಂದು ಹೆದರಿದವರನ್ನು ಸುಳ್ಳುಗಾರರೆನ್ನಬಹುದೆ? ಅವರ ಭಯ ನಿಜ. ಭಯಕ್ಕೆ ಪಟ್ಟಿಯಲ್ಲಿ ಸಾಲಿಲ್ಲ, ಅಷ್ಟೆ.

ಎಂಜಿನಿಯರುಗಳು ಇದಕ್ಕೊಂದು ಉಪಾಯ ಮಾಡಿದ್ದಾರೆ. ಮದ್ದು ಹಾರಿಸುವ ಮೊದಲು ಅಕ್ಕಪಕ್ಕದ ಮನೆಗಳನ್ನು ನೋಡಿ ಇದ್ದ ಬಿರುಕುಗಳನ್ನೆಲ್ಲ ಬರೆದಿಡುವುದು, ಚಿತ್ರ ತೆಗೆಯುವುದು. ದೊಡ್ಡ ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಅಂಟಿಸಿ ತಾರೀಖು ಬರೆಯುವುದು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಬಹಳ ಅಗ್ಗದ ಕೆಲಸ. ಆದರೂ ಇದನ್ನು ಮಾಡುವವರು ವಿರಳ. ಏಕೆಂದರೆ ಸಾಕ್ಷಿ ಇಲ್ಲದಿರುವುದು ಯಾವಾಗಲೂ ಬಲವುಳ್ಳವನ ಕಡೆಗೆ ಅನುಕೂಲ.

ನ್ಯಾಯಶಾಸ್ತ್ರ ಈ ದಾರಿಯಲ್ಲಿ ಬಹಳ ಮುಂದೆ ಹೋಗಿದೆ. ಇಂಗ್ಲೆಂಡಿನಲ್ಲಿ ರೈಲಂಡ್ಸ್ ಎಂಬ ಗಿರಣಿಯವನು ಕಟ್ಟಿಸಿದ ಕೆರೆಯ ನೀರು ಹಳೆಯ ಸುರಂಗಗಳ ಮೂಲಕ ಫ್ಲೆಚರನ ಗಣಿಗೆ ನುಗ್ಗಿತು. ಗಿರಣಿಯವನ ಅಲಕ್ಷ್ಯವೇನೂ ಇರಲಿಲ್ಲ. ಆದರೂ, ಅಪಾಯದ ವಸ್ತುವನ್ನು ತನ್ನ ನೆಲಕ್ಕೆ ತಂದವನು ಅದು ಆಚೆ ಹೋಗಿ ಮಾಡಿದ ಹಾನಿಗೆ ಹೊಣೆ ಎಂದು 1868ರಲ್ಲಿ ತೀರ್ಪಾಯಿತು. ದೆಹಲಿಯ ವಿಷಾನಿಲ ಸೋರಿಕೆಯ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು 1986ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಪಾಯಕರ ಉದ್ಯಮ ನಡೆಸುವವನ ಈ ಹೊಣೆಗೆ ಯಾವ ವಿನಾಯಿತಿಯೂ ಇಲ್ಲವೆಂದಿತು. ಅವ್ವ ಕೋರ್ಟಿಗೆ ಹೋಗುವವರಲ್ಲ. ಕೋರ್ಟಿಗೆ ಹೋಗಲಾರದವರ ಎದುರಿನಲ್ಲಿಯೇ ನಮ್ಮ ನೀತಿಯ ಪರೀಕ್ಷೆ.

"ಹಾಗಾದರೆ ಮದ್ದೇ ಬೇಡ, ಉಳಿ ಸುತ್ತಿಗೆಯಲ್ಲಿ ಒಡೆಯಲಿ" ಎಂದು ಯಾರಾದರೂ ಹೇಳಬಹುದು. ತೂತಿನಲ್ಲಿ ಕಲಸಿ ಹೊಯ್ದರೆ ಸದ್ದಿಲ್ಲದೆ ಉಬ್ಬಿ ಬಂಡೆಯನ್ನು ಸೀಳುವ ಸುಣ್ಣದ ಜಾತಿಯ ಪುಡಿಯೂ ಈಗ ಸಿಗುತ್ತದೆ. ಬೆಲೆ ಹೆಚ್ಚು, ಕಾಯುವ ಹೊತ್ತೂ ಹೆಚ್ಚು. ಇದ್ದವನು ಅದನ್ನು ಬಳಸಲಿ. ಆದರೆ ಅದಕ್ಕೆ ತೂತು ಇನ್ನೂ ಒತ್ತಾಗಿ ಬೇಕು. ತೂತು ಕೊರೆಯುವವನು ಉಸಿರಾಡುವುದು ಬೆಣಚಿನ ಧೂಳನ್ನು. ಅದು ಶ್ವಾಸಕೋಶದಲ್ಲಿ ಕುಳಿತರೆ ಸಿಲಿಕೋಸಿಸ್ ಎಂಬ, ಹೋಗದ ರೋಗ. ನೀರು ಬಿಟ್ಟುಕೊಂಡು ಕೊರೆದರೆ ಧೂಳು ತಗ್ಗುತ್ತದೆ. ನೀರು ಬಿಡುವ ವ್ಯವಧಾನ ಎಷ್ಟು ಜನಕ್ಕಿದೆ? ಓಣಿಯಲ್ಲಿ ಸದ್ದು ನಿಂತಿತೆಂದು ನಾವು ಸಮಾಧಾನಪಡುವಾಗ, ನಮ್ಮ ಪಾಲಿನ ಕಷ್ಟ ಇನ್ನೊಬ್ಬನ ಎದೆಗೆ ವರ್ಗವಾಗಿರಬಹುದು. ನಿಶ್ಶಬ್ದವಾದದ್ದೆಲ್ಲ ನಿರಪರಾಧಿಯಲ್ಲ.

ಮತ್ತೊಂದು ಆಕ್ಷೇಪವೂ ನ್ಯಾಯವಾದದ್ದೇ. ನೆರೆಯವರು ಒಪ್ಪುವವರೆಗೆ ಕಾಯಬೇಕೆಂದರೆ ಊರಿನಲ್ಲಿ ಒಂದು ಬಾವಿಯೂ ಆಗಲಿಕ್ಕಿಲ್ಲ. ಹೆದರಿ ಬೇಡವೆನ್ನುವವರಿರುವಂತೆ ಹೊಟ್ಟೆಕಿಚ್ಚಿನಿಂದ ಬೇಡವೆನ್ನುವವರೂ ಇರುತ್ತಾರೆ. ನಿಜ. ಆದ್ದರಿಂದ 'ಬೇಡ' ಎಂದು ತಡೆಯುವ ಅಧಿಕಾರ ನೆರೆಯವನಿಗೆ ಇರಬೇಕೆಂದು ನಾನು ಹೇಳಲಾರೆ. ಆದರೆ ತಡೆಯುವ ಅಧಿಕಾರ ಇಲ್ಲದವನಿಗೆ ಬೇರೆ ಮೂರು ಹಕ್ಕುಗಳು ಹೆಚ್ಚು ಗಟ್ಟಿಯಾಗಿ ಇರಬೇಕು. ಯಾವ ಹೊತ್ತಿಗೆ, ಎಷ್ಟು ಎಂದು ಮೊದಲೇ ತಿಳಿಯುವ ಹಕ್ಕು. ತನ್ನ ಗೋಡೆಯ ಬಳಿ ಅಳತೆ ನಡೆಯುವ ಹಕ್ಕು. ಹಾನಿಯಾದರೆ ಬೇಡಿಕೊಳ್ಳದೆ ಪರಿಹಾರ ಪಡೆಯುವ ಹಕ್ಕು. ಈ ಮೂರನ್ನು ಸಲ್ಲಿಸಿದವನು ಮಾತ್ರ ತನ್ನ ಸ್ಫೋಟವನ್ನು ನಿಯಂತ್ರಿತವೆಂದು ಕರೆಯಬಹುದು. ಮಿಲಿಸೆಕೆಂಡಿನ ಬಿಡುವು ಬಂಡೆಗೆ ಸಂಬಂಧಿಸಿದ್ದು. ಮದ್ದು ಹಾರಿಸುವ ಮೊದಲು ಎದುರು ಮನೆಯ ಬಾಗಿಲು ತಟ್ಟಿ ಒಂದು ಗಳಿಗೆ ನಿಲ್ಲುವ ಬಿಡುವು ಮನುಷ್ಯನಿಗೆ ಸಂಬಂಧಿಸಿದ್ದು; ಅದಕ್ಕೆ ಯಂತ್ರ ಬೇಕಾಗಿಲ್ಲ.

ನಮ್ಮ ಓಣಿಯ ಸಂಗತಿ ಹೇಳಿ ಮುಗಿಸುತ್ತೇನೆ. ಮನೆ ಕಟ್ಟಿಸುವವರು ಕೆಟ್ಟವರಲ್ಲ. ಅವ್ವನ ಪ್ರಶ್ನೆ ಅವರ ಕಿವಿಗೂ ಬಿದ್ದಿತ್ತು. ಗುತ್ತಿಗೆದಾರ ಗೊಣಗಿದರೂ ಅವರು ಬಿಡದೆ ಅವ್ವನ ಗೋಡೆಗೆ ಮೂರು ಗಾಜಿನ ಪಟ್ಟಿ ಅಂಟಿಸಿದರು. ಅವ್ವ ಊಟ ಮುಗಿಸಿ ಹೊರಗೆ ಕಟ್ಟೆಗೆ ಬಂದ ಮೇಲೆಯೇ ಸೀಟಿ ಊದಬೇಕೆಂದು ಗೊತ್ತುಮಾಡಿದರು. ಐದು ದಿನಗಳಲ್ಲಿ ಮೂರು ಸಲ ಮದ್ದು ಹಾರಿತು. ಪಟ್ಟಿಗಳು ಹಾಗೆಯೇ ಇದ್ದವು. ಎಂಟು ದಿನದ ಮೇಲೆ ಮೊದಲ ಮಳೆ ಬಂದಿತು. ಮರುದಿನ ನೋಡಿದರೆ ಒಂದು ಪಟ್ಟಿ ಒಡೆದಿತ್ತು.

ಮದ್ದಿನಿಂದಲೋ ಮಳೆಯಿಂದಲೋ ಯಾರೂ ಹೇಳಲಾರರು. ಗುತ್ತಿಗೆದಾರ ಮಳೆ ಎಂದ. ಕಟ್ಟಿಸುವವರು ಏನೂ ಹೇಳದೆ ಮರುದಿನ ಗೌಂಡಿಯನ್ನು ಕಳಿಸಿಕೊಟ್ಟರು. ಅವ್ವ ಗೌಂಡಿಗೆ ಚಹಾ ಮಾಡಿಕೊಟ್ಟು ಪಕ್ಕದಲ್ಲಿ ಕುಳಿತು ಕೆಲಸ ಮಾಡಿಸಿಕೊಂಡರು.

ಉಳಿದೆರಡು ಪಟ್ಟಿಗಳು ಈಗಲೂ ಗೋಡೆಯ ಮೇಲಿವೆ. ತೆಗೆಯಲು ಅವ್ವ ಬಿಟ್ಟಿಲ್ಲ. ಓಣಿಯ ಕೊನೆಯ ಖಾಲಿ ಜಾಗದಲ್ಲಿ ಮೊನ್ನೆಯಿಂದ ಯಾರೋ ದಾರ ಹಿಡಿದು ಅಳೆಯುತ್ತಿದ್ದಾರೆ.