ಇಂದಿನ ಧಮ್ಮ ಚಿಂತನೆ: ನಮ್ಮ ಕಣಿವೆ





ಮೊನ್ನೆ ಶಾಲೆಯಲ್ಲಿ ನದಿ ಕಣಿವೆಯ ಪಾಠ ಮಾಡುತ್ತಿದ್ದೆ. ಹಿಮದ ಬೆಟ್ಟಗಳ ನಡುವೆ ಹರಿಯುವ ಹೊಳೆಯ ಚಿತ್ರ ನೋಡಿ ಒಬ್ಬ ಹುಡುಗ, "ಬೆಂಗಳೂರಲ್ಲಿ ಕಣಿವೆ ಇಲ್ವಾ ಮಿಸ್?" ಎಂದ.

ಇದೆ. ನಮ್ಮ ಜೋಗುಪಾಳ್ಯದ ಪಕ್ಕದಲ್ಲೇ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಯ ಮೂಲಕ ಕಾವೇರಿ ಸೇರುತ್ತದೆ. ನಮ್ಮ ಹಲಸೂರು ಕೆರೆ ತುಂಬಿ ಹೊರಟ ನೀರು ರಾಜಕಾಲುವೆ ಹಿಡಿದು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಮುಂದೆ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ತಮಿಳುನಾಡಿನಲ್ಲಿ ತೆನ್‌ಪೆಣ್ಣೈ ಎನಿಸಿಕೊಂಡು ಕಡಲೂರಿನ ಬಳಿ ಸಮುದ್ರ ಸೇರುತ್ತದೆ.

ಇದನ್ನೆಲ್ಲ ಬೋರ್ಡಿನ ಮೇಲೆ ಬರೆದೆ. ಆಗ ಹಿಂದಿನ ಬೆಂಚಿನ ಹುಡುಗ ಎದ್ದು, "ನಮ್ಮಪ್ಪ ಮೋರಿ ಒಳಗೆ ಇಳೀತಾರೆ ಮಿಸ್" ಎಂದ. ನಾಲ್ಕು ಜನ ನಕ್ಕರು. ಅವನು ತಲೆ ತಗ್ಗಿಸಿ ಕೂತುಬಿಟ್ಟ. ಅಷ್ಟರಲ್ಲಿ ಬೆಲ್ ಆಯಿತು. ನಾನು ಏನೂ ಹೇಳದೆ ಹೊರಗೆ ಬಂದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಭಗವಾನ್ ಬುದ್ಧರು ಹೇಳಿದ್ದು ನಮಗೆಲ್ಲ ಗೊತ್ತು. ಗಂಗೆ, ಯಮುನೆ, ಅಚಿರವತಿ, ಸರಭು, ಮಹೀ ನದಿಗಳು ಸಮುದ್ರ ಸೇರಿದ ಮೇಲೆ ತಮ್ಮ ಹಳೆಯ ಹೆಸರು ಕಳೆದುಕೊಳ್ಳುತ್ತವೆ. ಸಂಘ ಸೇರಿದ ನಾಲ್ಕು ವರ್ಣದವರೂ ಹಾಗೆಯೇ. ನಮ್ಮ ಮೋರಿಯ ನೀರೂ ಕಡಲೂರಿನಲ್ಲಿ ಹೆಸರು ಕಳೆದುಕೊಳ್ಳುತ್ತದೆ. ಮೋರಿಗೆ ಇಳಿದವನಿಗೆ ಅಂಟಿದ ಹೆಸರು ಮಾತ್ರ ಅವನ ಮಗನ ಬೆಂಚಿನವರೆಗೂ ಬರುತ್ತದೆ.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ರೋಹಿಣಿ ನದಿಯ ವಿಷಯ ಬರೆದಿದ್ದಾರೆ. ಶಾಕ್ಯರು, ಕೋಲಿಯರು ನೀರಿಗಾಗಿ ಯುದ್ಧಕ್ಕೆ ಹೊರಟಾಗ ಸಿದ್ಧಾರ್ಥ ತನ್ನವರ ಸಭೆಯಲ್ಲೇ ಎದ್ದು ಬೇಡವೆಂದ. ಅದಕ್ಕಾಗಿ ಮನೆಯನ್ನೇ ಬಿಟ್ಟ. ತರಗತಿಯಲ್ಲಿ ನಾಲ್ಕು ಮಕ್ಕಳು ನಕ್ಕಾಗ ಬಾಯಿ ಬಿಡದ ನಾನು ಯಾವ ಧಮ್ಮ ಓದಿದೆ?

ಪಟಿಚ್ಚ ಸಮುಪ್ಪಾದ ಎಂದರೆ ಇದು ಇದ್ದರೆ ಅದು. ನಮ್ಮ ಬಚ್ಚಲಿನ ಸೋಪಿನ ನೀರಿಗೂ ಬೆಳ್ಳಂದೂರಿನ ನೊರೆಗೂ ಸಂಬಂಧವಿದೆ. ಇದೇ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ನಾವು ಚೆಲ್ಲಿದ್ದು ಯಾರದೋ ಹೊಲ ತಲುಪುತ್ತದೆ. ನಾವು ಮೋರಿಗೆ ಎಸೆದ ಕವರ್ ತೆಗೆಯಲು ಯಾರದೋ ಅಪ್ಪ ಇಳಿಯಬೇಕಾಗುತ್ತದೆ.

ಮರುದಿನ ಮೊದಲ ಪೀರಿಯಡ್‌ನಲ್ಲೇ ಆ ಹುಡುಗನ ಮುಂದೆ, ಎಲ್ಲರ ಮುಂದೆ, ನಿನ್ನೆ ಸುಮ್ಮನಿದ್ದದ್ದು ನನ್ನ ತಪ್ಪು ಎಂದೆ. ಸುರಕ್ಷತಾ ಸಾಧನಗಳಿಲ್ಲದೆ ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ ಎಂದು ವಿವರಿಸಿದೆ. "ಹಂಗಾದ್ರೆ ಯಾಕೆ ಇಳಿಸ್ತಾರೆ ಮಿಸ್?" ಎಂದು ಕೇಳಿದವನು ಅವನೇ. ಈ ಪ್ರಶ್ನೆಯನ್ನು ನಿಮಗೂ ಕಳಿಸುತ್ತಿದ್ದೇನೆ.

ಇಂದಿನ ಸಂಕಲ್ಪ: ನಮ್ಮ ಬೀದಿಯಲ್ಲಿ ಯಾರನ್ನಾದರೂ ಮ್ಯಾನ್‌ಹೋಲಿಗೆ ಇಳಿಸುವುದು ಕಂಡರೆ ಅಲ್ಲೇ ನಿಂತು ತಡೆಯೋಣ, ಯಂತ್ರ ತರಿಸಿ ಎನ್ನೋಣ. ನಮ್ಮ ಮನೆಯ ಕಸ ಮೋರಿ ಸೇರದಂತೆ ನೋಡಿಕೊಳ್ಳೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್ 💙