ಪರೀಕ್ಷಿಸಲಾರದವನಿಗೆ ಮಾರುವ ಔಷಧಿ

ಜೆ. ಜೆ. ಆಸ್ಪತ್ರೆಯ ದುರಂತ ನಮ್ಮ ಸಂಘದ ಹಿರಿಯ ಸದಸ್ಯರಿಗೆ ನೆನಪಿದ್ದೀತು. 1986ರ ಆರಂಭದಲ್ಲಿ ಮುಂಬಯಿಯ ಆ ಸರಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆಂದು ಕೊಟ್ಟ ಗ್ಲಿಸರಿನ್ ಸೇವಿಸಿ 14 ಮಂದಿ ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸೇರಿತ್ತು. ಬ್ರೇಕ್ ಆಯಿಲಿನಂಥ ವಸ್ತುಗಳಲ್ಲಿ ಬಳಸುವ ದ್ರವ ಅದು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿ ಸಿಹಿ. ಗ್ಲಿಸರಿನ್ ಪಕ್ಕದಲ್ಲಿಟ್ಟರೆ ಬಿ.ಎಸ್ಸಿ. ಓದಿದ ನನಗೂ ಗುರುತು ಹತ್ತದು. ಪ್ರಯೋಗಶಾಲೆಯೇ ಹೇಳಬೇಕು.

ಹಾಗಾದರೆ ಪ್ರಯೋಗಶಾಲೆಯೇ ಇಲ್ಲದ ದೇಶ ಏನು ಮಾಡಬೇಕು? 2022ರಲ್ಲಿ ಪಶ್ಚಿಮ ಆಫ್ರಿಕದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಇದೇ ರೀತಿ ಸತ್ತರು; ಹೆಚ್ಚಿನವು ಐದು ತುಂಬದ ಕೂಸುಗಳು. ಹರಿಯಾಣದ ಒಂದು ಕಾರ್ಖಾನೆಯ ನಾಲ್ಕು ಸಿರಪ್‌ಗಳಲ್ಲಿ ಈ ವಿಷವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಆ ಅಕ್ಟೋಬರಿನಲ್ಲಿ ಎಚ್ಚರಿಸಿತು. ತಯಾರಕರು ಅಲ್ಲಗಳೆದರು, ತಮ್ಮ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲವೆಂದು ನಮ್ಮ ಸರಕಾರವೂ ಹೇಳಿತು. ಗ್ಯಾಂಬಿಯಾದಲ್ಲಿ ಔಷಧಿ ಪರೀಕ್ಷಿಸುವ ಪ್ರಯೋಗಶಾಲೆ ಆಗ ಇರಲಿಲ್ಲ. ಸೀಸೆಯ ಮೇಲಿನ ಚೀಟಿಯನ್ನೂ ಜತೆಗೆ ಬಂದ ಕಾಗದವನ್ನೂ ನಂಬುವುದಲ್ಲದೆ ಅವರಿಗೆ ಬೇರೆ ದಾರಿಯೇನಿತ್ತು?

ಕಾಗದದ ಬೆಲೆ ಗುಮಾಸ್ತನಾದ ನನಗೆ ಗೊತ್ತು. ‘ಪರಿಶೀಲಿಸಲಾಗಿದೆ’ ಎಂದು ಸಹಿ ಹಾಕುವಾಗ ಎಷ್ಟು ಸಲ ನಿಜವಾಗಿ ಪರಿಶೀಲಿಸಿದ್ದೇನೆ? ಮೇಲಿನವರು ನೋಡುತ್ತಾರೆಂದು ನಾನು, ಕೆಳಗಿನವನು ನೋಡಿದ್ದಾನೆಂದು ಅವರು. ನನ್ನ ಕಡತದಲ್ಲಿ ತಪ್ಪಾದರೆ ಯಾರದೋ ಪ್ರಯಾಣಭತ್ಯೆ ತಡವಾದೀತು, ಅಷ್ಟೆ. ಔಷಧಿಯ ಕಡತದಲ್ಲಿ ಹಾಕಿದ ಸಹಿಯ ಆಚೆ ತುದಿಯಲ್ಲಿ ಒಂದು ಚಮಚವಿದೆ, ಮಗುವಿನ ಬಾಯಿದೆ.

ಕಾನೂನು ಬಿಗಿ ಮಾಡಿದರೆ ಸಣ್ಣ ಕಾರ್ಖಾನೆಗಳು ಮುಚ್ಚುತ್ತವೆ, ಔಷಧಿ ತುಟ್ಟಿಯಾಗುತ್ತದೆ, ಬಡವ ಔಷಧಿಯೇ ಇಲ್ಲದೆ ಸಾಯುತ್ತಾನೆ ಎಂಬ ವಾದವುಂಟು. ಸುಲಭವಾಗಿ ತಳ್ಳಿಹಾಕುವ ಮಾತಲ್ಲ ಇದು. ಆಫ್ರಿಕದ ಲಕ್ಷಾಂತರ ಏಡ್ಸ್ ರೋಗಿಗಳು ಬದುಕಿದ್ದು ನಮ್ಮ ದೇಶದ ಅಗ್ಗದ ಮಾತ್ರೆಗಳಿಂದಲೇ. ಆದರೆ ಅಗ್ಗವೆಂದರೆ ಲಾಭ ಕಡಿಮೆ ಎಂದಾಗಬೇಕು, ಪರೀಕ್ಷೆ ಕಡಿಮೆ ಎಂದಲ್ಲ. ಅಮೆರಿಕಕ್ಕೆ ಔಷಧಿ ಕಳಿಸುವ ಕಾರ್ಖಾನೆಗಳನ್ನು ಅಲ್ಲಿನ ಇನ್‌ಸ್ಪೆಕ್ಟರುಗಳೇ ಬಂದು ತಪಾಸಣೆ ಮಾಡುತ್ತಾರೆ. ಹಾಗೆ ಬರಲಾರದವನ ಪಾಲಿನ ಸೀಸೆಗೆ ಬೇರೊಂದು ಧರ್ಮವುಂಟೆ?

2023ರ ಜೂನ್‌ನಿಂದ, ರಫ್ತಾಗುವ ಕೆಮ್ಮಿನ ಸಿರಪ್ಪನ್ನು ಮೊದಲು ಇಲ್ಲಿಯೇ ಮಾನ್ಯ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕೆಂದು ಕೇಂದ್ರ ಸರಕಾರ ಕಡ್ಡಾಯ ಮಾಡಿತು. ಸಮಾಧಾನವಾಯಿತು. ಆದರೆ ದೇಶದೊಳಗೆ ಮಾರುವ ಸಿರಪ್ಪಿಗೆ ಆ ಕಟ್ಟಳೆ ಅನ್ವಯವಾಗಲಿಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾ ಸುತ್ತಮುತ್ತ 20ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ತಮಿಳುನಾಡಿನಲ್ಲಿ ತಯಾರಾದ ಸಿರಪ್ಪಿನಲ್ಲಿ ಅದೇ ವಿಷ ಶೇಕಡಾ 48.6ರಷ್ಟಿತ್ತು, ಮಿತಿ ಶೇಕಡಾ 0.1. ಪರೀಕ್ಷಿಸಲಾರದವರು ದೂರದ ಗ್ಯಾಂಬಿಯಾದಲ್ಲಿ ಇದ್ದಾರೆಂದು ತಿಳಿದಿದ್ದೆ!

ಆ ಪುಟ್ಟ ದೇಶವಾದರೂ 2023ರ ಜುಲೈಯಿಂದ ನಮ್ಮ ಔಷಧಿಗಳನ್ನು ಭಾರತ ಬಿಡುವ ಮೊದಲೇ ಪರೀಕ್ಷೆ ಮಾಡಿಸಬೇಕೆಂದು ನಿಯಮ ಮಾಡಿತು. ನಮ್ಮ ಬೀದಿಯ ಮೆಡಿಕಲ್ ಶಾಪಿನ ಗಿರಾಕಿ ಯಾರಿಗೆ ನಿಯಮ ಮಾಡಿಯಾನು? ಹೋದ ತಿಂಗಳು ಕಿರಿಯ ಮಗಳಿಗೆ ಕೆಮ್ಮು ಬಂದಾಗ ಕನ್ನಡಕ ಹಾಕಿಕೊಂಡು ಸೀಸೆಯ ಚೀಟಿಯನ್ನು ಎರಡು ಸಲ ಓದಿದೆ. ಅದರಲ್ಲಿ ಎಲ್ಲವೂ ಸರಿಯಾಗಿಯೇ ಬರೆದಿತ್ತು.