ಸಂಶಯ ಯಾವುದರ ಮೇಲೆ?

ಕವಿತೆ ಬರೆಯುವ ಹುಡುಗರು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: “ಸರ, ನಾ ಬರಿಯೂದ್ರಾಗ ಏನರ ಐತೇನ್ರಿ?” ಮೂರನೆಯ ಸಾಲು ಯಾಕೆ ಎಡವುತ್ತದೆ ಎಂದು ಕೇಳುವವರು ಕಡಿಮೆ. ಈ ಅಳುಕು ಬರೆಯುವವರಿಗೆಲ್ಲ ಇದ್ದದ್ದೇ, ನನಗೂ ಇದೆ. ಆದರೆ ಸಂಶಯದಲ್ಲಿ ಎರಡು ಬಗೆ ಎಂದು ನಂಬಿದ್ದೇನೆ. ‘ಈ ಸಾಲು ನಿಲ್ಲುತ್ತದೆಯೇ’ ಎಂಬುದೊಂದು, ‘ನಾನು ಕವಿಯೇ’ ಎಂಬುದಿನ್ನೊಂದು. ಮೊದಲನೆಯದು ಕೈಗೆ ಕೆಲಸ ಕೊಡುತ್ತದೆ. ಎರಡನೆಯದಕ್ಕೆ ಉತ್ತರವೇ ಇಲ್ಲ, ಅದನ್ನು ಹಿಡಿದು ಕೂತವನು ಬರೆಯುವುದೂ ಇಲ್ಲ.

ಹುನಗುಂದ ಸೀಮೆಯ ಐಹೊಳೆಗೆ ಹೋದರೆ ಮೊದಲನೆಯ ಬಗೆಯ ಸಂಶಯ ಕಲ್ಲಿನಲ್ಲೇ ಕಾಣುತ್ತದೆ. ಲಾಡಖಾನ್ ಗುಡಿಯ ಮಾಳಿಗೆ ನೋಡಿ. ಇಳಿಜಾರು ಚಪ್ಪಡಿಗಳ ಸಂದಿಯ ಮೇಲೆಲ್ಲ ಮರದ ತೊಲೆಯ ಹಾಗೆ ಕಡೆದ ಉದ್ದನೆಯ ಕಲ್ಲುಪಟ್ಟಿಗಳನ್ನು ಕೂರಿಸಿದ್ದಾರೆ. ಮರದ ಮನೆ ಕಟ್ಟಿ ಗೊತ್ತಿದ್ದ ಕೈ ಅದು. ಮರಕ್ಕೆ ಒಪ್ಪಿದ್ದು ಕಲ್ಲಿಗೆ ಒಪ್ಪೀತೇ, ಸಂದಿಯಲ್ಲಿ ಮಳೆನೀರು ಇಳಿದೀತೇ ಎಂದು ಆ ಕಲ್ಲುಕುಟಿಗ ಯೋಚಿಸಿರಲೇಬೇಕು. ದುರ್ಗದ ಗುಡಿಯದು ಇನ್ನೂ ದೊಡ್ಡ ಸಾಹಸ. ಹಿಂಬದಿ ಆನೆಯ ಬೆನ್ನಿನಂತೆ ದುಂಡಗಿದೆ, ಮೇಲೆ ನೇರ ಏರುವ ರೇಖಾನಾಗರ ಶಿಖರ. ಎರಡೂ ಒಂದಕ್ಕೊಂದು ಪೂರಾ ಒಗ್ಗಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೂ ಆ ಗುಡಿಯ ಹೊರಸುತ್ತಿನ ಮೊಗಸಾಲೆಯಲ್ಲಿ ನಡೆಯುವ ಸುಖ ಬೇರೆಲ್ಲೂ ಸಿಕ್ಕಿಲ್ಲ. ಗೋಡೆ ಬಾಗುತ್ತಾ ಹೋದಂತೆ ಮುಂದಿನ ಗೂಡಿನ ಮೂರ್ತಿ ಕಾಣುವುದಿಲ್ಲ, ಎರಡು ಹೆಜ್ಜೆ ಇಟ್ಟರೆ ವರಾಹ, ಮತ್ತೆರಡು ಹೆಜ್ಜೆಗೆ ಮಹಿಷಮರ್ದಿನಿ. ಈ ಬೆರಗನ್ನು ಜೋಡಿಸಿದವನು ಅದನ್ನು ತಾನೂ ಅನುಭವಿಸದೆ ಇದ್ದಾನೆಯೇ?

ಆ ಕಾಲದವರಿಗೆ ಆತ್ಮವಿಶ್ವಾಸ ಕಡಿಮೆಯಿತ್ತು ಎಂದು ಯಾರೂ ತಿಳಿಯಬಾರದು. ಐಹೊಳೆಯದೇ ಮೇಗುತಿ ಗುಡಿಯ 634ರ ಶಾಸನದಲ್ಲಿ ಕವಿ ರವಿಕೀರ್ತಿ ತನ್ನನ್ನು ಕಾಳಿದಾಸ ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ. ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿಯ, ಇಂದಿನ ವಿರೂಪಾಕ್ಷನ, ಶಾಸನಗಳು ಸ್ಥಪತಿಗಳಾದ ಗುಂಡ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿಯರನ್ನು ಹಾಡಿ ಹೊಗಳುತ್ತವೆ. ಇದನ್ನು ಜಂಬ ಎನ್ನಲು ನನಗೆ ಮನಸ್ಸಿಲ್ಲ. ಅವೆಲ್ಲ ಗುಡಿ ಎದ್ದು ನಿಂತ ಮೇಲಿನ ಮಾತು. ಕಲ್ಲು ಏರಿಸುವ ಮುಂಚೆ ನಾನು ದೊಡ್ಡ ಸ್ಥಪತಿಯೇ ಎಂದು ಕೇಳುತ್ತಾ ಕೂತಿದ್ದರೆ ಶಾಸನ ಬರೆಸಲು ಗೋಡೆಯೇ ಇರುತ್ತಿರಲಿಲ್ಲ.

ಹೊಸತನ್ನು ಹುಟ್ಟಿಸಿದರೆ ಮಾತ್ರ ಸೃಜನಶೀಲತೆ ಎಂಬ ನಂಬಿಕೆಯಿಂದಲೂ ಈ ಅಳುಕು ಬೆಳೆಯುತ್ತದೆ. ಇಳಕಲ್ ಸೀರೆ ಅದನ್ನು ಒಪ್ಪುವುದಿಲ್ಲ. ಅಲ್ಲಿ ಮೈಯ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡರ ಎಳೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಕೊಂಡಿ ಹಾಕುತ್ತಾರೆ, ಪ್ರತಿ ಎಳೆಗೂ. ಹೀಗಾಗಿ ಒಂದೊಂದು ಸೀರೆಗೂ ಹೊಸದಾಗಿ ಹಾಸು ಹೂಡಲೇಬೇಕು. ಸೆರಗಿನ ಟೋಪ್ ತೆನಿ ಎಂಬ ನಮೂನೆ ತಲೆಮಾರುಗಳಿಂದ ಬಂದದ್ದು, ಯಾರೂ ಅದನ್ನು ತನ್ನದೆನ್ನುವುದಿಲ್ಲ. ಆದರೂ ಒಬ್ಬರ ಕೈಯ ಸೆರಗು ಬಿಗಿ, ಇನ್ನೊಬ್ಬರದು ಸಡಿಲ ಎಂದು ಸೀರೆ ಮುಟ್ಟಿ ಗೊತ್ತಿದ್ದವರು ಹೇಳಬಲ್ಲರು. ಆ ವ್ಯತ್ಯಾಸ ಹಳೆಯ ನಮೂನೆಯೊಳಗೇ ಹುಟ್ಟಿದ್ದು, ನೇಯುವವರ ಗಮನದಿಂದ ಹುಟ್ಟಿದ್ದು.

ಇಲ್ಲಿ ಒಂದು ಮಾತು ಹೇಳದೆ ಹೋಗಲಾರೆ. ಕೂಲಿ ಸಾಲದೆ ಮಗ್ಗ ಬಿಟ್ಟವರ ಮುಂದೆ ‘ಕೆಲಸದ ಆನಂದ’ ಎಂದು ಉಪದೇಶಿಸುವುದು ಕ್ರೌರ್ಯ. ಕೊಂಡಿ ಹಾಕುವ ಹೆಣ್ಣುಮಗಳ ಬೆರಳಿನ ಜಾಣತನಕ್ಕೆ ತಕ್ಕ ಕೂಲಿ ಸಿಗದೆ ಅವಳ ಸುಖದ ಬಗ್ಗೆ ಮಾತಾಡುವ ಹಕ್ಕು ನಮಗಿಲ್ಲ. ಅವಳ ಎಳೆ ತಪ್ಪಿದರೆ ಆ ವಾರದ ಸಂತೆಯೇ ತಪ್ಪೀತು. ಸಂಬಳದ ನೌಕರಿ ಮುಗಿಸಿ ಸಂಜೆ ಬರೆಯಲು ಕೂರುವ ನಮ್ಮ ಕವಿತೆ ಕೆಟ್ಟರೆ ಯಾರ ಮನೆಯ ಒಲೆಯೂ ಆರುವುದಿಲ್ಲ. ಹಾಳೆ ಹರಿದು ಮತ್ತೆ ಬರೆಯಬಹುದು, ಪದ ಬದಲಿಸಿ ಗಟ್ಟಿಯಾಗಿ ಓದಿಕೊಳ್ಳಬಹುದು, ಸರಿಬಾರದಿದ್ದರೆ ನಾಳೆ ನೋಡಬಹುದು. ಇಷ್ಟು ಸಡಿಲ ಇದ್ದೂ, ಸಾಲು ತಿದ್ದುವ ಸುಖ ಬಿಟ್ಟು ‘ನಾನು ಯಾರ ಸಾಲಿಗೆ ಸೇರಿದವ’ ಎಂಬ ಲೆಕ್ಕದಲ್ಲಿ ಸಂಜೆ ಕಳೆಯುವುದು ನನಗೆ ಅನ್ಯಾಯವೆಂದೇ ಕಾಣುತ್ತದೆ.